ಸ್ಲಿಂಗ್‌ಬಾಕ್ಸ್

ಸ್ಲಿಂಗ್‌ಬಾಕ್ಸ್ ಎಂಬುದು ಮನೆಯ ಸೆಟ್-ಟಾಪ್ ಬಾಕ್ಸಿಗೆ ಬರುವ ಟಿವಿ ಕಾರ್ಯಕ್ರಮಗಳನ್ನೂ ಅಲ್ಲಿ ರೆಕಾರ್ಡ್ ಆಗಿರುವ ಕಾರ್ಯಕ್ರಮಗಳನ್ನೂ ಅಂತರ್ಜಾಲದ ಮೂಲಕ ಬೇರೆಡೆ ಇರುವ ಕಂಪ್ಯೂಟರಿಗೆ ಅಥವಾ ಮೊಬೈಲ್ ಫೋನಿಗೆ ರವಾನಿಸುತ್ತಿದ್ದ ಒಂದು ವಿದ್ಯುನ್ಮಾನ ಸಾಧನ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಸ್ಲಿಂಗ್ ಮೀಡಿಯಾ ಸಂಸ್ಥೆಯು ಇದನ್ನು ತಯಾರಿಸಿತು. 2005ರ ಜೂನ್ 30ರಂದು ಮಾರುಕಟ್ಟೆಗೆ ಬಂದ ಈ ಸಾಧನದ ತಯಾರಿಕೆಯನ್ನು ಕೈಬಿಟ್ಟಿರುವುದಾಗಿ 2020ರ ನವೆಂಬರ್ 9ರಂದು ಪ್ರಕಟಿಸಲಾಯಿತು. ಅದಾಗಿ ಸರಿಯಾಗಿ ಎರಡು ವರ್ಷಗಳ ನಂತರ ಸಂಸ್ಥೆಯ ಸರ್ವರ್‌ಗಳು ಸ್ಥಗಿತಗೊಂಡವು. ಕೆಡದೆ ಸುಸ್ಥಿತಿಯಲ್ಲಿದ್ದ ಪೆಟ್ಟಿಗೆಗಳೂ ಅಂದಿನಿಂದ ಸಂಸ್ಥೆಯ ತಂತ್ರಾಂಶದ ಮೂಲಕ ಬಳಸಲಾಗದಂತಾದವು.

ಇಂಗ್ಲಿಷಿನ ‘ಸ್ಲಿಂಗ್’ ಪದಕ್ಕೆ ಕವಣೆ, ಬೀಸಿ ಎಸೆಯುವುದು ಎಂಬ ಅರ್ಥಗಳಿವೆ. ಮನೆಯ ಟಿವಿಯ ಚಿತ್ರವನ್ನು ದೂರಕ್ಕೆ ಎಸೆಯುವ ಪೆಟ್ಟಿಗೆ ಎಂಬುದು ಹೆಸರಿನ ತಾತ್ಪರ್ಯ.

ಹಿನ್ನೆಲೆ

ಟಿವಿ ಕಾರ್ಯಕ್ರಮವನ್ನು ಪ್ರಸಾರವಾಗುವ ಹೊತ್ತಿನಲ್ಲಿಯೇ ನೋಡಬೇಕೆಂಬ ನಿರ್ಬಂಧವನ್ನು ಮೊದಲು ಸಡಿಲಿಸಿದ್ದು ವಿಡಿಯೊ ಕ್ಯಾಸೆಟ್ ರೆಕಾರ್ಡರ್. ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ 1975ರಲ್ಲಿ ಬಂದಿತು. 1999ರಲ್ಲಿ ಟಿವೊ ಮತ್ತು ರೀಪ್ಲೇ ಟಿವಿ ಎಂಬ ಯಂತ್ರಗಳು ಕ್ಯಾಸೆಟ್ಟಿನ ಬದಲು ಹಾರ್ಡ್ ಡಿಸ್ಕಿನಲ್ಲಿ ಕಾರ್ಯಕ್ರಮಗಳನ್ನು ಸಂಗ್ರಹಿಸತೊಡಗಿದವು. ಡಿಜಿಟಲ್ ವಿಡಿಯೊ ರೆಕಾರ್ಡರ್ ಅಥವಾ ಡಿವಿಆರ್ ಎಂದು ಕರೆಯಲಾಗುವ ಈ ಯಂತ್ರಗಳು ಧಾರಾವಾಹಿಯ ಹೆಸರನ್ನು ಒಮ್ಮೆ ಸೂಚಿಸಿದರೆ ಅದರ ಪ್ರತಿಯೊಂದು ಕಂತನ್ನೂ ತಾವಾಗಿಯೇ ಮುದ್ರಿಸಿಕೊಳ್ಳುತ್ತಿದ್ದವು. ಹೀಗೆ ನೋಡುವ ಕಾಲವು ನೋಡುಗನ ಕೈಗೆ ಬಂದಿತು. ಸ್ಥಳ ಮಾತ್ರ ಬದಲಾಗಲಿಲ್ಲ. ಮುದ್ರಿಕೆ ಇರುವುದು ಮನೆಯ ಪೆಟ್ಟಿಗೆಯಲ್ಲಿ, ಅದನ್ನು ನೋಡಬೇಕಾದುದು ಅದೇ ಪೆಟ್ಟಿಗೆಯ ಎದುರು. ಮೊದಲನೆಯದನ್ನು ಕಾಲಾಂತರ ವೀಕ್ಷಣೆ ಎಂದೂ, ಸ್ಥಳದ ಕಟ್ಟನ್ನು ಬಿಡಿಸುವ ಎರಡನೆಯದನ್ನು ಸ್ಥಳಾಂತರ ವೀಕ್ಷಣೆ ಎಂದೂ ಕರೆಯಬಹುದು. ಸ್ಲಿಂಗ್‌ಬಾಕ್ಸ್ ಎರಡನೆಯ ಬಗೆಯ ಅತ್ಯಂತ ಪ್ರಸಿದ್ಧ ಸಾಧನ.

ಆದರೆ ಅದು ಈ ಬಗೆಯ ಮೊದಲ ಸಾಧನವಲ್ಲ. ಸೋನಿ ಸಂಸ್ಥೆಯು ಲೊಕೇಶನ್‌ಫ್ರೀ ಎಂಬ ಹೆಸರಿನಲ್ಲಿ ಇಂಥದೇ ಉಪಕರಣವನ್ನು 2004ರಲ್ಲಿಯೇ ಹೊರತಂದಿತ್ತು. 2005ರ ಜನವರಿಯಲ್ಲಿ ಟಿವೊ ಕೂಡ ಮುದ್ರಿತ ಕಾರ್ಯಕ್ರಮವನ್ನು ಲ್ಯಾಪ್‌ಟಾಪಿಗೆ ನಕಲಿಸಿಕೊಂಡು ಹೋಗುವ ಸೌಲಭ್ಯವನ್ನು ಒದಗಿಸಿತು. ಸ್ಲಿಂಗ್‌ಬಾಕ್ಸಿನ ವೈಶಿಷ್ಟ್ಯವೆಂದರೆ ಅದು ಯಾವ ಕಂಪನಿಯ ಸೆಟ್-ಟಾಪ್ ಬಾಕ್ಸ್ ಅಥವಾ ಡಿವಿಆರ್ ಜೊತೆಗಾದರೂ ಹೊಂದಿಕೊಳ್ಳುತ್ತಿತ್ತು ಮತ್ತು ಪೆಟ್ಟಿಗೆಯ ಬೆಲೆಯ ಹೊರತಾಗಿ ಮಾಸಿಕ ಶುಲ್ಕವನ್ನು ಕೇಳುತ್ತಿರಲಿಲ್ಲ.

ಸ್ಲಿಂಗ್ ಮೀಡಿಯಾ ಸಂಸ್ಥೆಯನ್ನು 2004ರಲ್ಲಿ ಬ್ಲೇಕ್ ಕ್ರಿಕೋರಿಯನ್, ಅವರ ಸಹೋದರ ಜೇಸನ್ ಕ್ರಿಕೋರಿಯನ್ ಮತ್ತು ಭೂಪೇನ್ ಶಾ ಸ್ಥಾಪಿಸಿದರು. ಕ್ರಿಕೋರಿಯನ್ ಸಹೋದರರು ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳು. 2002ರಲ್ಲಿ ಆ ತಂಡವು ರಾಷ್ಟ್ರೀಯ ಅಂತಿಮ ಸರಣಿಯವರೆಗೂ ತಲುಪಿತ್ತು. ಆ ಋತುವಿನಲ್ಲಿ ಕೆಲಸದ ನಿಮಿತ್ತ ಊರೂರು ಸುತ್ತುತ್ತಿದ್ದ ಸಹೋದರರಿಗೆ ತಮ್ಮ ಊರಿನ ವಾಹಿನಿಯಲ್ಲಿ ಬರುತ್ತಿದ್ದ ಪಂದ್ಯಗಳು ಬೇರೆ ಊರಿನಲ್ಲಿ ಸಿಗುತ್ತಿರಲಿಲ್ಲ. ಮನೆಯಲ್ಲಿ ಹಣ ತೆತ್ತು ಪಡೆದ ಕೇಬಲ್ ಸಂಪರ್ಕ ಇದ್ದೂ ಪಂದ್ಯ ನೋಡಲು ಮತ್ತೊಮ್ಮೆ ಏಕೆ ಹಣ ಕೊಡಬೇಕು ಎಂಬ ಪ್ರಶ್ನೆಯಿಂದ ಈ ಸಾಧನದ ಕಲ್ಪನೆ ಹುಟ್ಟಿತು ಎಂದು ಸ್ಥಾಪಕರು ಹೇಳಿಕೊಂಡಿದ್ದಾರೆ.

ರಚನೆ ಮತ್ತು ಕಾರ್ಯವಿಧಾನ

ಲೋಹದ ಗಟ್ಟಿಯನ್ನು ನೆನಪಿಸುವ ಆಕಾರದ ಮೊದಲ ಸ್ಲಿಂಗ್‌ಬಾಕ್ಸಿನ ಬೆಲೆ 249.99 ಡಾಲರ್. ಅದರೊಳಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಆದ್ದರಿಂದ ಅದು ತಾನಾಗಿ ಏನನ್ನೂ ರೆಕಾರ್ಡ್ ಮಾಡುತ್ತಿರಲಿಲ್ಲ. ಇದು ಹಲವರು ತಪ್ಪಾಗಿ ತಿಳಿಯುವ ಸಂಗತಿ. ಮುದ್ರಿಸುವ ಕೆಲಸ ಡಿವಿಆರ್‌ನದು; ಡಿವಿಆರ್ ತೆರೆಗೆ ಕಳುಹಿಸುವ ಚಿತ್ರವನ್ನು ದೂರದಲ್ಲಿರುವವನಿಗೆ ಮುಟ್ಟಿಸುವುದು ಮತ್ತು ಅಲ್ಲಿಂದ ಬರುವ ಆಜ್ಞೆಗಳನ್ನು ಡಿವಿಆರ್‌ಗೆ ತಲುಪಿಸುವುದು ಸ್ಲಿಂಗ್‌ಬಾಕ್ಸಿನ ಕೆಲಸ.

ಡಿವಿಆರ್‌ನಿಂದ ಟಿವಿಗೆ ಹೋಗುವ ಚಿತ್ರ ಹಾಗೂ ಧ್ವನಿಯ ತಂತಿಗಳ ಒಂದು ಕವಲನ್ನು ಸ್ಲಿಂಗ್‌ಬಾಕ್ಸಿಗೆ ಜೋಡಿಸಲಾಗುತ್ತಿತ್ತು. ಸಾಧಾರಣ ಗುಣಮಟ್ಟದ ಟಿವಿ ಚಿತ್ರವನ್ನು ಸಂಕುಚಿಸದೆ ಅಂಕಿಗಳಾಗಿ ಪರಿವರ್ತಿಸಿದರೆ ಸೆಕೆಂಡಿಗೆ ಸುಮಾರು 166 ಮೆಗಾಬಿಟ್ ಆಗುತ್ತದೆ. 2005ರ ಮನೆಯ ಅಂತರ್ಜಾಲ ಸಂಪರ್ಕಗಳಲ್ಲಿ ಹೊರಕ್ಕೆ ಕಳುಹಿಸಲು ಸಿಗುತ್ತಿದ್ದ ವೇಗವಾದರೋ ಸೆಕೆಂಡಿಗೆ ಕೆಲವು ನೂರು ಕಿಲೋಬಿಟ್ ಮಾತ್ರ. ಎಂದರೆ ನೂರಾರು ಪಾಲು ಕುಗ್ಗಿಸಿದರಷ್ಟೇ ಚಿತ್ರ ಹೊರಗೆ ಹೋಗಲು ಸಾಧ್ಯ. ಸ್ಲಿಂಗ್‌ಬಾಕ್ಸಿನೊಳಗಿನ ಸಂಸ್ಕಾರಕವು ಈ ಸಂಕೋಚನವನ್ನು ಪ್ರಸಾರವಾಗುತ್ತಿರುವಂತೆಯೇ ಕ್ಷಣಕ್ಷಣವೂ ಮಾಡುತ್ತಿತ್ತು.

ಇಲ್ಲಿ ಮನೆಯ ಅಂತರ್ಜಾಲದ ಒಂದು ಗುಣವನ್ನು ಗಮನಿಸಬೇಕು. ಟೆಲಿಫೋನ್ ತಂತಿಯ ಮತ್ತು ಕೇಬಲ್ಲಿನ ಬ್ರಾಡ್‌ಬ್ಯಾಂಡ್ ಸಂಪರ್ಕಗಳನ್ನು ಮನೆಯವರು ಹೆಚ್ಚು ಪಡೆಯುತ್ತಾರೆ, ಕಡಿಮೆ ಕಳುಹಿಸುತ್ತಾರೆ ಎಂಬ ಲೆಕ್ಕದಲ್ಲಿ ರೂಪಿಸಲಾಗಿತ್ತು. ಹೀಗಾಗಿ ಒಳಬರುವ ದಾರಿ ಅಗಲ, ಹೊರಹೋಗುವ ದಾರಿ ಕಿರಿದು. ಸ್ಲಿಂಗ್‌ಬಾಕ್ಸ್ ಮಾತ್ರ ಮನೆಯನ್ನೇ ಒಂದು ಸಣ್ಣ ಪ್ರಸಾರ ಕೇಂದ್ರವನ್ನಾಗಿ ಮಾಡುತ್ತಿತ್ತು. ಹೋಟೆಲಿನಲ್ಲಿ ಎಷ್ಟೇ ವೇಗದ ಸಂಪರ್ಕವಿದ್ದರೂ ಮನೆಯಿಂದ ಹೊರಡುವ ವೇಗವೇ ಚಿತ್ರದ ಗುಣಮಟ್ಟವನ್ನು ನಿರ್ಧರಿಸುತ್ತಿತ್ತು. ಚಿತ್ರ ಮಸುಕಾಗಿದೆ ಎಂಬ ದೂರಿಗೆ ಹಲವು ಸಲ ಕಾರಣ ಫೋನಿನಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಇರದೆ ಮನೆಯ ಸಂಪರ್ಕದಲ್ಲಿರುತ್ತಿತ್ತು. ದಾರಿಯ ಅಗಲ ಏರಿಳಿದಂತೆ ಸಾಧನವು ಚಿತ್ರದ ಗಾತ್ರವನ್ನೂ ಸೆಕೆಂಡಿಗೆ ಕಳುಹಿಸುವ ಚೌಕಟ್ಟುಗಳ ಸಂಖ್ಯೆಯನ್ನೂ ತಾನೇ ಬದಲಿಸಿಕೊಳ್ಳುತ್ತಿತ್ತು. ಇಂದು ಎಲ್ಲ ಅಂತರ್ಜಾಲ ವಿಡಿಯೊ ಸೇವೆಗಳಲ್ಲಿ ಸಾಮಾನ್ಯವಾಗಿರುವ ಈ ಹೊಂದಾಣಿಕೆ ಆಗ ಹೊಸತಾಗಿತ್ತು.

ಎರಡನೆಯ ತೊಡಕು ವಿಳಾಸದ್ದು. ಮನೆಯ ರೌಟರಿನ ಹಿಂದಿರುವ ಉಪಕರಣಗಳಿಗೆ ಹೊರಜಗತ್ತಿಗೆ ಕಾಣುವ ಸ್ವಂತ ವಿಳಾಸ ಇರುವುದಿಲ್ಲ. ರೌಟರಿನ ವಿಳಾಸವೂ ಆಗಾಗ ಬದಲಾಗುತ್ತಿರುತ್ತದೆ. ಇದನ್ನು ನಿವಾರಿಸಲು ಪ್ರತಿ ಪೆಟ್ಟಿಗೆಗೂ ಒಂದು ಗುರುತಿನ ಸಂಖ್ಯೆ ನೀಡಲಾಗಿತ್ತು. ಪೆಟ್ಟಿಗೆಯು ತನ್ನ ಸದ್ಯದ ವಿಳಾಸವನ್ನು ಸ್ಲಿಂಗ್ ಮೀಡಿಯಾದ ಸರ್ವರಿಗೆ ತಿಳಿಸುತ್ತಿತ್ತು. ಫೋನಿನಲ್ಲಿರುವ ತಂತ್ರಾಂಶವು ಮೊದಲು ಆ ಸರ್ವರನ್ನು ಕೇಳಿ, ವಿಳಾಸ ತಿಳಿದ ಬಳಿಕ ನೇರವಾಗಿ ಮನೆಯ ಪೆಟ್ಟಿಗೆಯನ್ನು ಸಂಪರ್ಕಿಸುತ್ತಿತ್ತು. ರೌಟರಿನಲ್ಲಿ ಸಾಮಾನ್ಯವಾಗಿ 5001ನೆಯ ಪೋರ್ಟ್ ಅನ್ನು ಇದಕ್ಕಾಗಿ ತೆರೆಯಬೇಕಿತ್ತು. ಕಾರ್ಯಕ್ರಮದ ಚಿತ್ರವು ಸಂಸ್ಥೆಯ ಸರ್ವರಿನಲ್ಲಿ ಸಂಗ್ರಹವಾಗುತ್ತಿರಲಿಲ್ಲ. ಸರ್ವರ್ ದಾರಿ ತೋರಿಸುತ್ತಿತ್ತು ಅಷ್ಟೆ. ಈ ವ್ಯತ್ಯಾಸ ಮುಂದೆ ನ್ಯಾಯಾಲಯದಲ್ಲಿ ಸಾಧನದ ನೆರವಿಗೆ ಬಂದಿತು. ದಾರಿ ತೋರುವವರ ಮೇಲಿನ ಅದೇ ಅವಲಂಬನೆಯೇ ಕೊನೆಯಲ್ಲಿ ಅದಕ್ಕೆ ಮುಳುವಾಯಿತು.

ಒಂದು ಪೆಟ್ಟಿಗೆಯಿಂದ ಏಕಕಾಲಕ್ಕೆ ಒಬ್ಬರು ಮಾತ್ರ ದೂರದಿಂದ ನೋಡಬಹುದಿತ್ತು. ನೆರೆಹೊರೆಯವರಿಗೂ ಪರಿಚಯದವರಿಗೂ ಒಂದೇ ಸಂಪರ್ಕವನ್ನು ಹಂಚುವ ಸಾಧ್ಯತೆಯನ್ನು ಈ ಮಿತಿ ತಡೆಯಿತು.

ದೂರದಿಂದ ಡಿವಿಆರ್ ನಿರ್ವಹಣೆ

ಮುದ್ರಿತ ಕಾರ್ಯಕ್ರಮವನ್ನು ನೋಡಬೇಕಾದರೆ ಡಿವಿಆರ್‌ನ ಪಟ್ಟಿಯನ್ನು ತೆರೆದು, ಬೇಕಾದುದನ್ನು ಆರಿಸಿ, ಓಡಿಸಬೇಕು. ಮನೆಯಲ್ಲಿದ್ದರೆ ಇದೆಲ್ಲ ರಿಮೋಟಿನ ಕೆಲಸ. ಸ್ಲಿಂಗ್‌ಬಾಕ್ಸಿನಿಂದ ಹೊರಡುವ ಒಂದು ತೆಳು ತಂತಿಯ ತುದಿಯಲ್ಲಿ ಅವಗೆಂಪು ಕಿರಣ ಸೂಸುವ ಪುಟ್ಟ ದೀಪವಿರುತ್ತಿತ್ತು. ಅದನ್ನು ಡಿವಿಆರ್‌ನ ಮುಂಭಾಗಕ್ಕೆ ಅಂಟಿಸಲಾಗುತ್ತಿತ್ತು. ಫೋನಿನ ತೆರೆಯ ಮೇಲೆ ಮೂಡುವ ರಿಮೋಟಿನ ಚಿತ್ರದಲ್ಲಿ ಗುಂಡಿಯನ್ನು ಒತ್ತಿದರೆ ಆ ಆಜ್ಞೆ ಅಂತರ್ಜಾಲದ ಮೂಲಕ ಮನೆಯನ್ನು ತಲುಪಿ, ದೀಪವು ನಿಜವಾದ ರಿಮೋಟಿನಂತೆಯೇ ಸಂಕೇತ ಕಳುಹಿಸುತ್ತಿತ್ತು. ಡಿವಿಆರ್‌ಗೆ ತನ್ನ ಎದುರು ಯಾರೂ ಇಲ್ಲವೆಂಬುದು ತಿಳಿಯುವಂತೆಯೇ ಇರಲಿಲ್ಲ. ಬೇರೆ ಬೇರೆ ತಯಾರಕರ ಯಂತ್ರಗಳ ರಿಮೋಟ್ ಸಂಕೇತಗಳನ್ನು ಸಂಗ್ರಹಿಸಿ ಒದಗಿಸುವುದು ಸಂಸ್ಥೆಯ ದೊಡ್ಡ ಕೆಲಸಗಳಲ್ಲಿ ಒಂದಾಗಿತ್ತು.

ಈ ವಿಧಾನದಲ್ಲಿ ವಿಳಂಬ ಅನಿವಾರ್ಯ. ತಡೆಯಿಲ್ಲದೆ ಚಿತ್ರ ಕಾಣಿಸಲು ತಂತ್ರಾಂಶವು ಕೆಲವು ಸೆಕೆಂಡುಗಳ ದೃಶ್ಯವನ್ನು ಮುಂಚಿತವಾಗಿ ಸಂಗ್ರಹಿಸಿಕೊಳ್ಳುತ್ತಿತ್ತು. ಅಷ್ಟು ಸೆಕೆಂಡುಗಳ ಹಿಂದಿನ ಚಿತ್ರವನ್ನು ನೋಡುತ್ತ ಗುಂಡಿ ಒತ್ತಿದರೆ ಪರಿಣಾಮವೂ ಅಷ್ಟೇ ತಡವಾಗಿ ಕಾಣಿಸುತ್ತದೆ. ಜಾಹೀರಾತನ್ನು ಓಡಿಸಿ ದಾಟಲು ಹೋದವರು ಕಾರ್ಯಕ್ರಮದ ಭಾಗವನ್ನೂ ದಾಟಿಬಿಡುವುದು ಸಾಮಾನ್ಯವಾಗಿತ್ತು. ಇದಕ್ಕೆ ಪರಿಹಾರವಾಗಿ, ಗುಂಡಿಗಳನ್ನು ಒತ್ತುತ್ತಿರುವಷ್ಟು ಹೊತ್ತು ತಂತ್ರಾಂಶವು ಮುಂಗಡ ಸಂಗ್ರಹವನ್ನು ಕಡಿಮೆ ಮಾಡಿ, ಚಿತ್ರದ ಗುಣಮಟ್ಟ ತಗ್ಗಿದರೂ ಸರಿ, ಪ್ರತಿಕ್ರಿಯೆ ಬೇಗ ಬರುವಂತೆ ಮಾಡುತ್ತಿತ್ತು. ಗುಂಡಿ ಬಿಟ್ಟ ಮೇಲೆ ಮತ್ತೆ ಹಿಂದಿನ ಸ್ಥಿತಿಗೆ ಮರಳುತ್ತಿತ್ತು.

ಇನ್ನೊಂದು ತೊಡಕು ತಾಂತ್ರಿಕವಾದುದಲ್ಲ. ಸ್ಲಿಂಗ್‌ಬಾಕ್ಸ್ ಮನೆಯ ಟಿವಿಗೆ ಹೋಗುವ ಚಿತ್ರವನ್ನೇ ಕವಲೊಡೆಸುತ್ತಿದ್ದುದರಿಂದ, ದೂರದಲ್ಲಿರುವವನು ವಾಹಿನಿ ಬದಲಿಸಿದರೆ ಮನೆಯಲ್ಲಿ ಕುಳಿತವರ ಎದುರಿನ ಟಿವಿಯಲ್ಲಿಯೂ ವಾಹಿನಿ ಬದಲಾಗುತ್ತಿತ್ತು. ಅತ್ತೆ ನೋಡುತ್ತಿದ್ದ ಧಾರಾವಾಹಿಯ ನಡುವೆ ಅಳಿಯನ ಪಂದ್ಯ ಪ್ರತ್ಯಕ್ಷವಾಗುವ ಈ ಪರಿಸ್ಥಿತಿಯನ್ನು ತಪ್ಪಿಸಲು, ಅನುಕೂಲವಿದ್ದವರು ಸ್ಲಿಂಗ್‌ಬಾಕ್ಸಿಗೆಂದೇ ಪ್ರತ್ಯೇಕವಾದ ಸೆಟ್-ಟಾಪ್ ಬಾಕ್ಸ್ ಇಡುತ್ತಿದ್ದರು.

ಮೊಬೈಲ್ ಫೋನಿನಲ್ಲಿ

ಆರಂಭದಲ್ಲಿ ಸ್ಲಿಂಗ್‌ಪ್ಲೇಯರ್ ಎಂಬ ವೀಕ್ಷಣಾ ತಂತ್ರಾಂಶವು ವಿಂಡೋಸ್ ಕಂಪ್ಯೂಟರುಗಳಿಗೆ ಮಾತ್ರ ಲಭ್ಯವಿತ್ತು. 2006ರಲ್ಲಿ ವಿಂಡೋಸ್ ಮೊಬೈಲ್ ಫೋನುಗಳಿಗೆ ಅದರ ಆವೃತ್ತಿ ಬಂದಿತು. ಬಳಿಕ ಪಾಮ್, ಸಿಂಬಿಯನ್ ಮತ್ತು ಬ್ಲ್ಯಾಕ್‌ಬೆರಿ ಫೋನುಗಳಿಗೂ ವಿಸ್ತರಿಸಿತು. ಪೆಟ್ಟಿಗೆಗೆ ಮಾಸಿಕ ಶುಲ್ಕವಿಲ್ಲದಿದ್ದರೂ ಮೊಬೈಲ್ ತಂತ್ರಾಂಶಕ್ಕೆ ಒಮ್ಮೆ 29.99 ಡಾಲರ್ ತೆರಬೇಕಿತ್ತು.

2009ರ ಮೇ ತಿಂಗಳಲ್ಲಿ ಐಫೋನಿನ ಆವೃತ್ತಿ ಬಿಡುಗಡೆಯಾದಾಗ ಅದು ವೈಫೈ ಸಂಪರ್ಕದಲ್ಲಿ ಮಾತ್ರ ಕೆಲಸ ಮಾಡಿತು. ಮೂರನೆಯ ತಲೆಮಾರಿನ ಮೊಬೈಲ್ ಜಾಲದಲ್ಲಿ ಅದಕ್ಕೆ ಅವಕಾಶ ಇರಲಿಲ್ಲ. ಆಗ ಅಮೆರಿಕದಲ್ಲಿ ಐಫೋನಿಗೆ ಸೇವೆ ಒದಗಿಸುತ್ತಿದ್ದ ಏಕೈಕ ಸಂಸ್ಥೆ ಎಟಿ ಅಂಡ್ ಟಿ. ಟಿವಿಯ ಚಿತ್ರವನ್ನು ಫೋನಿಗೆ ತಿರುಗಿಸುವ ಇಂಥ ತಂತ್ರಾಂಶಗಳು ಜಾಲದ ಬಹುಪಾಲನ್ನು ಕಬಳಿಸಿ ಇತರ ಗ್ರಾಹಕರಿಗೆ ದಟ್ಟಣೆ ಉಂಟುಮಾಡುತ್ತವೆ ಎಂಬುದು ಅದರ ವಾದ. ಅದೇ ಸಂಸ್ಥೆಯ ಜಾಲದಲ್ಲಿ ಇತರ ತಯಾರಕರ ಫೋನುಗಳಲ್ಲಿ ಸ್ಲಿಂಗ್‌ಪ್ಲೇಯರ್ ಅದಾಗಲೇ ಓಡುತ್ತಿತ್ತಾದ್ದರಿಂದ ಈ ವಾದವನ್ನು ಹಲವರು ಒಪ್ಪಲಿಲ್ಲ. ಜಾಲದ ಒಡೆಯನು ಬಳಕೆದಾರನ ದತ್ತಾಂಶದ ಪ್ರಮಾಣವನ್ನಷ್ಟೇ ಅಳೆಯಬಹುದೇ ಅಥವಾ ಅದು ಯಾವ ಬಗೆಯದೆಂದು ನೋಡಿ ತಡೆಯಲೂಬಹುದೇ ಎಂಬ, ಆಗ ಅಮೆರಿಕದಲ್ಲಿ ಕಾವೇರುತ್ತಿದ್ದ ಜಾಲ ತಟಸ್ಥತೆಯ ಚರ್ಚೆಗೆ ಇದು ಒಂದು ಉದಾಹರಣೆಯಾಯಿತು. ಜಾಲದ ಸಾಮರ್ಥ್ಯಕ್ಕೆ ತಕ್ಕಂತೆ ತಂತ್ರಾಂಶವನ್ನು ತಿದ್ದಿದ ಬಳಿಕ, 2010ರ ಫೆಬ್ರವರಿಯಲ್ಲಿ ಎಟಿ ಅಂಡ್ ಟಿ ಈ ನಿರ್ಬಂಧವನ್ನು ತೆರವುಗೊಳಿಸಿತು.

ನಿರ್ಬಂಧ ಹೋದರೂ ಲೆಕ್ಕಾಚಾರ ಉಳಿಯಿತು. ಸೆಕೆಂಡಿಗೆ 600 ಕಿಲೋಬಿಟ್ ವೇಗದಲ್ಲಿ ಒಂದು ಗಂಟೆ ನೋಡಿದರೆ ಸುಮಾರು 270 ಮೆಗಾಬೈಟ್ ವ್ಯಯವಾಗುತ್ತದೆ. 2010ರ ಜೂನಿನಲ್ಲಿ ಎಟಿ ಅಂಡ್ ಟಿ ಹೊಸ ಗ್ರಾಹಕರಿಗೆ ಮಿತಿಯಿಲ್ಲದ ದತ್ತಾಂಶದ ಯೋಜನೆಯನ್ನು ಕೈಬಿಟ್ಟು ತಿಂಗಳಿಗೆ 2 ಗಿಗಾಬೈಟ್‌ನ ಯೋಜನೆಯನ್ನು ತಂದಿತು. ಇದು ಏಳು ಗಂಟೆಗಳ ವೀಕ್ಷಣೆಗಷ್ಟೇ ಸಾಲುತ್ತಿತ್ತು. ಹೀಗಾಗಿ ಫೋನಿನಲ್ಲಿ ಸ್ಲಿಂಗ್‌ಪ್ಲೇಯರ್ ಬಳಸುತ್ತಿದ್ದವರು ಸಾಧ್ಯವಾದಷ್ಟೂ ವೈಫೈಯನ್ನೇ ನೆಚ್ಚಿಕೊಳ್ಳಬೇಕಾಯಿತು.

ಅನಲಾಗ್ ಕಿಂಡಿ

ಹೈ ಡೆಫಿನಿಷನ್ ಟಿವಿ ಬಂದ ಮೇಲೆ ಸೆಟ್-ಟಾಪ್ ಬಾಕ್ಸ್ ಮತ್ತು ಟಿವಿಯ ನಡುವೆ ಎಚ್‌ಡಿಎಂಐ ತಂತಿ ಬಳಕೆಗೆ ಬಂದಿತು. ಈ ತಂತಿಯಲ್ಲಿ ಹರಿಯುವ ಚಿತ್ರವನ್ನು ನಕಲು ಮಾಡಲಾಗದಂತೆ ಎಚ್‌ಡಿಸಿಪಿ ಎಂಬ ಗೂಢಲಿಪಿ ವ್ಯವಸ್ಥೆ ರಕ್ಷಿಸುತ್ತದೆ. ಪರವಾನಗಿ ಪಡೆದ ತೆರೆಗಳಿಗೆ ಮಾತ್ರ ಅದು ಬಿಡಿಸಿಕೊಳ್ಳುತ್ತದೆ. ಚಿತ್ರವನ್ನು ಅಂತರ್ಜಾಲಕ್ಕೆ ಕಳುಹಿಸುವ ಪೆಟ್ಟಿಗೆಗೆ ಅದು ತೆರೆದುಕೊಳ್ಳುವುದಿಲ್ಲ. ಆದರೆ ಕೆಂಪು, ಹಸಿರು, ನೀಲಿ ಬಣ್ಣದ ಮೂರು ತಂತಿಗಳ ಹಳೆಯ ಕಾಂಪೊನೆಂಟ್ ಜೋಡಣೆಯಲ್ಲಿ ಇಂಥ ರಕ್ಷಣೆ ಇರಲಿಲ್ಲ. ಉದ್ಯಮವು ‘ಅನಲಾಗ್ ಕಿಂಡಿ’ ಎಂದು ಕರೆದ ಈ ಮಾರ್ಗವೇ ಸ್ಲಿಂಗ್‌ಬಾಕ್ಸಿನ ಜೀವನಾಡಿ. 1080ಐ ಗುಣಮಟ್ಟದ ಚಿತ್ರವನ್ನು ರವಾನಿಸಬಲ್ಲ ಪ್ರೊ-ಎಚ್‌ಡಿ ಮಾದರಿ 2008ರಲ್ಲಿ ಈ ಜೋಡಣೆಯನ್ನೇ ಅವಲಂಬಿಸಿತ್ತು. 2012ರ 500ನೆಯ ಮಾದರಿಯಲ್ಲಿ ಎಚ್‌ಡಿಎಂಐ ಜೋಡಣೆ ಇದ್ದರೂ ರಕ್ಷಿತ ಕಾರ್ಯಕ್ರಮಗಳಿಗೆ ಕಾಂಪೊನೆಂಟ್ ತಂತಿಗಳು ಬೇಕೇ ಬೇಕಾಗಿದ್ದವು. ಹೊಸ ಸೆಟ್-ಟಾಪ್ ಬಾಕ್ಸುಗಳಿಂದ ಕಾಂಪೊನೆಂಟ್ ಜೋಡಣೆ ಕ್ರಮೇಣ ಕಣ್ಮರೆಯಾಯಿತು. ಆ ಕಿಂಡಿ ಮುಚ್ಚುತ್ತ ಬಂದಂತೆ ಸ್ಲಿಂಗ್‌ಬಾಕ್ಸಿಗೆ ಚಿತ್ರ ಪಡೆಯುವ ದಾರಿಯೂ ಕಿರಿದಾಯಿತು.

ಕಾನೂನಿನ ಪ್ರಶ್ನೆಗಳು

ಮನೆಯಲ್ಲಿ ಕಾರ್ಯಕ್ರಮವನ್ನು ಮುದ್ರಿಸಿಕೊಂಡು ನಂತರ ನೋಡುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರ ಜನವರಿ 17ರಂದು ಬೀಟಾಮ್ಯಾಕ್ಸ್ ಪ್ರಕರಣದಲ್ಲಿ 5-4ರ ಬಹುಮತದಿಂದ ತೀರ್ಪು ನೀಡಿತ್ತು. ಆ ತೀರ್ಪು ಕಾಲಾಂತರ ವೀಕ್ಷಣೆಯ ಕುರಿತಾದುದು. ಸ್ಥಳಾಂತರ ವೀಕ್ಷಣೆಗೂ ಅದೇ ನ್ಯಾಯ ಅನ್ವಯವಾಗುತ್ತದೆ ಎಂಬುದು ಸ್ಲಿಂಗ್ ಮೀಡಿಯಾದ ನಿಲುವು. ಪ್ರಸಾರದ ಹಕ್ಕುಗಳನ್ನು ಪ್ರದೇಶವಾರು ಮಾರುವ ಕ್ರೀಡಾ ಸಂಸ್ಥೆಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಮೊದಲು ಆಕ್ಷೇಪವೆತ್ತಿದವರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯೂ ಸೇರಿತ್ತು. ಸಾಧನದ ಹುಟ್ಟಿಗೆ ಕಾರಣವಾದ ಆಟವೂ ಅದೇ ಎಂಬುದು ಇಲ್ಲಿನ ವಿಪರ್ಯಾಸ. ಆದರೂ ಸ್ಲಿಂಗ್‌ಬಾಕ್ಸ್ ಬಿಡಿಯಾಗಿ ಮಾರಾಟವಾಗುತ್ತಿದ್ದ ವರ್ಷಗಳಲ್ಲಿ ಪ್ರಸಾರ ಸಂಸ್ಥೆಗಳು ಅದರ ಮೇಲೆ ದೊಡ್ಡ ಮೊಕದ್ದಮೆಗೆ ಮುಂದಾಗಲಿಲ್ಲ. 2007ರಲ್ಲಿ ಸಿಬಿಎಸ್ ವಾಹಿನಿಯು ಕಾರ್ಯಕ್ರಮದ ತುಣುಕುಗಳನ್ನು ಹಂಚಿಕೊಳ್ಳುವ ಯೋಜನೆಯೊಂದರಲ್ಲಿ ಸ್ಲಿಂಗ್ ಮೀಡಿಯಾದೊಡನೆ ಕೈಜೋಡಿಸಿತ್ತು ಕೂಡ.

ಉಪಗ್ರಹ ಟಿವಿ ಸಂಸ್ಥೆಯಾದ ಡಿಶ್ ನೆಟ್‌ವರ್ಕ್ ಈ ತಂತ್ರಜ್ಞಾನವನ್ನು ತನ್ನ ಡಿವಿಆರ್‌ನೊಳಗೇ ಸೇರಿಸಿದ ಮೇಲೆ ಸಂಗತಿ ಬದಲಾಯಿತು. 2013ರ ಜನವರಿಯಲ್ಲಿ ಅದು ‘ಹಾಪರ್ ವಿತ್ ಸ್ಲಿಂಗ್’ ಎಂಬ ಯಂತ್ರವನ್ನು ಲಾಸ್ ವೇಗಾಸಿನ ಗ್ರಾಹಕ ವಿದ್ಯುನ್ಮಾನ ಮೇಳದಲ್ಲಿ ಪ್ರದರ್ಶಿಸಿತು. ಮುದ್ರಿತ ಕಾರ್ಯಕ್ರಮಗಳನ್ನು ಫೋನಿನಲ್ಲಿ ದೂರದಿಂದ ನೋಡುವ, ಜಾಹೀರಾತುಗಳನ್ನು ತಾನಾಗಿ ದಾಟಿಸುವ ಸೌಲಭ್ಯಗಳು ಅದರಲ್ಲಿದ್ದವು. ಮೇಳದ ಅತ್ಯುತ್ತಮ ಸಾಧನವನ್ನು ಆರಿಸುವ ಹೊಣೆ ಸಿನೆಟ್ ಎಂಬ ತಂತ್ರಜ್ಞಾನ ಸುದ್ದಿ ತಾಣದ್ದಾಗಿತ್ತು. ಅದರ ಸಂಪಾದಕರು ಹಾಪರ್ ಯಂತ್ರವನ್ನು ಆರಿಸಿದ್ದರು. ಆದರೆ ಸಿನೆಟ್‌ನ ಒಡೆತನ ಹೊಂದಿದ್ದ ಸಿಬಿಎಸ್, ತಾನು ಡಿಶ್ ಜೊತೆ ಮೊಕದ್ದಮೆಯಲ್ಲಿ ತೊಡಗಿರುವ ಕಾರಣ ನೀಡಿ ಆ ಆಯ್ಕೆಯನ್ನು ಕೈಬಿಡುವಂತೆ ಸೂಚಿಸಿತು. ಸಂಪಾದಕೀಯ ಸ್ವಾತಂತ್ರ್ಯಕ್ಕೆ ಧಕ್ಕೆಯಾಯಿತೆಂದು ಹಿರಿಯ ವರದಿಗಾರ ಗ್ರೆಗ್ ಸ್ಯಾಂಡೊವಲ್ ಸಿನೆಟ್‌ಗೆ ರಾಜೀನಾಮೆ ನೀಡಿದರು. ಮೇಳದ ಸಂಘಟಕರು ಸಿನೆಟ್ ಜೊತೆಗಿನ ಪ್ರಶಸ್ತಿ ಒಪ್ಪಂದವನ್ನು ಕೊನೆಗೊಳಿಸಿ ಹಾಪರ್ ಯಂತ್ರಕ್ಕೆ ಪ್ರಶಸ್ತಿಯನ್ನು ಘೋಷಿಸಿದರು.

ಇದರ ನಡುವೆ ಫಾಕ್ಸ್ ವಾಹಿನಿಯು ಡಿಶ್ ವಿರುದ್ಧ 2012ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ದೂರ ವೀಕ್ಷಣೆಯ ಸೌಲಭ್ಯವನ್ನೂ ಪ್ರಶ್ನಿಸಿತು. ಇದೇ ಹೊತ್ತಿಗೆ ಏರಿಯೊ ಎಂಬ ಮತ್ತೊಂದು ಸಂಸ್ಥೆ ಪ್ರತಿ ಗ್ರಾಹಕನಿಗೂ ಒಂದೊಂದು ಪುಟ್ಟ ಆಂಟೆನಾವನ್ನು ತನ್ನ ಕಟ್ಟಡದಲ್ಲಿಯೇ ಮೀಸಲಿಟ್ಟು, ವಾಹಿನಿಗಳನ್ನು ಮುದ್ರಿಸಿ ಅಂತರ್ಜಾಲದಲ್ಲಿ ಒದಗಿಸುತ್ತಿತ್ತು. 2014ರ ಜೂನ್ 25ರಂದು ಸರ್ವೋಚ್ಚ ನ್ಯಾಯಾಲಯವು 6-3ರ ಬಹುಮತದಿಂದ ಏರಿಯೊ ಮಾಡುತ್ತಿರುವುದು ಅನುಮತಿಯಿಲ್ಲದ ಸಾರ್ವಜನಿಕ ಪ್ರದರ್ಶನ ಎಂದು ತೀರ್ಮಾನಿಸಿತು. ಡಿಶ್ ಪ್ರಕರಣಕ್ಕೂ ಇದನ್ನೇ ಅನ್ವಯಿಸಬೇಕೆಂದು ಫಾಕ್ಸ್ ಕೋರಿತು. ಆದರೆ 2015ರ ಜನವರಿಯಲ್ಲಿ ಜಿಲ್ಲಾ ನ್ಯಾಯಾಧೀಶೆ ಡಾಲಿ ಜೀ ಇದನ್ನು ಒಪ್ಪಲಿಲ್ಲ. ಡಿಶ್ ಗ್ರಾಹಕನು ಕಾನೂನುಬದ್ಧವಾಗಿ ಪಡೆದ ಕಾರ್ಯಕ್ರಮವನ್ನು, ತನ್ನ ಮನೆಯಲ್ಲಿರುವ ಯಂತ್ರದಿಂದ, ತನ್ನದೇ ಫೋನಿಗೆ ತಾನೇ ಕಳುಹಿಸಿಕೊಳ್ಳುತ್ತಾನೆ. ಇದು ಸಾರ್ವಜನಿಕ ಪ್ರದರ್ಶನವಲ್ಲ ಎಂಬುದು ತೀರ್ಪಿನ ಸಾರ. ಕಾರ್ಯಕ್ರಮವನ್ನು ಫೋನಿಗೆ ನಕಲಿಸಿಕೊಂಡು ಅಂತರ್ಜಾಲವಿಲ್ಲದೆಡೆ ನೋಡುವ ಸೌಲಭ್ಯವು ಮಾತ್ರ ಫಾಕ್ಸ್ ಜೊತೆಗಿನ ಒಪ್ಪಂದದ ಉಲ್ಲಂಘನೆ ಎಂದು ನ್ಯಾಯಾಲಯ ಹೇಳಿತು. ಉಭಯ ಸಂಸ್ಥೆಗಳು 2016ರಲ್ಲಿ ರಾಜಿ ಮಾಡಿಕೊಂಡವು.

ಜಪಾನಿನಲ್ಲಿ ಇದೇ ಪ್ರಶ್ನೆಗೆ ಭಿನ್ನ ಸಂದರ್ಭದಲ್ಲಿ ಭಿನ್ನ ಉತ್ತರ ದೊರೆಯಿತು. ಮಾನೆಕಿ ಟಿವಿ ಎಂಬ ಸೇವೆಯಲ್ಲಿ ಗ್ರಾಹಕರು ತಮ್ಮ ಸ್ವಂತ ಲೊಕೇಶನ್‌ಫ್ರೀ ಪೆಟ್ಟಿಗೆಯನ್ನು ಸಂಸ್ಥೆಯ ಕಚೇರಿಯಲ್ಲಿ ಇಡುತ್ತಿದ್ದರು. ಸಂಸ್ಥೆಯು ಅದಕ್ಕೆ ಆಂಟೆನಾ ಜೋಡಿಸಿ ನಿರ್ವಹಿಸುತ್ತಿತ್ತು. ಪೆಟ್ಟಿಗೆ ಗ್ರಾಹಕನದೇ ಆಗಿದ್ದರೂ ಅದಕ್ಕೆ ಪ್ರಸಾರವನ್ನು ಉಣಿಸುವುದು ಸಂಸ್ಥೆಯಾದ್ದರಿಂದ ಸಂಸ್ಥೆಯೇ ಪ್ರಸಾರಕ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 18ರಂದು ತೀರ್ಪಿತ್ತಿತು. ಎರಡು ದಿನಗಳ ಬಳಿಕ, ಜಪಾನಿನ ಕಾರ್ಯಕ್ರಮಗಳನ್ನು ಮುದ್ರಿಸಿ ವಿದೇಶದಲ್ಲಿರುವವರಿಗೆ ಒದಗಿಸುತ್ತಿದ್ದ ರೊಕುರಾಕು ಸೇವೆಯ ಪ್ರಕರಣದಲ್ಲಿಯೂ ನ್ಯಾಯಾಲಯವು ಅಂಥದೇ ನಿಲುವು ತಳೆಯಿತು. ಈ ತೀರ್ಪುಗಳನ್ನೆಲ್ಲ ಒಟ್ಟಿಗೆ ಓದಿದಾಗ ಪೆಟ್ಟಿಗೆ ಎಲ್ಲಿದೆ, ಅದನ್ನು ನಡೆಸುವವರು ಯಾರು ಎಂಬ ಎರಡು ಸಂಗತಿಗಳ ಮೇಲೆ ಫಲಿತಾಂಶ ನಿಂತಿರುವುದು ಕಾಣುತ್ತದೆ.

ಒಡೆತನ ಮತ್ತು ಮಾದರಿಗಳು

2007ರ ಸೆಪ್ಟೆಂಬರಿನಲ್ಲಿ ಎಕೋಸ್ಟಾರ್ ಸಂಸ್ಥೆಯು ಸ್ಲಿಂಗ್ ಮೀಡಿಯಾವನ್ನು ಸುಮಾರು 38 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಮರುವರ್ಷ ಎಕೋಸ್ಟಾರ್ ಇಬ್ಭಾಗವಾಗಿ ಟಿವಿ ಸೇವೆಯು ಡಿಶ್ ನೆಟ್‌ವರ್ಕ್ ಎಂಬ ಹೆಸರು ಪಡೆಯಿತು. ಸ್ಲಿಂಗ್ ಎಕೋಸ್ಟಾರ್ ಜೊತೆಯಲ್ಲಿ ಉಳಿದು 2017ರಲ್ಲಿ ಡಿಶ್ ತೆಕ್ಕೆಗೆ ಸೇರಿತು. ಸೋಲೊ (2007), ಪ್ರೊ-ಎಚ್‌ಡಿ (2008), 350 ಮತ್ತು 500 (2012), ಎಂ1 (2014), ಎಂ2 (2015) ಇದರ ಮುಖ್ಯ ಮಾದರಿಗಳು. 2015ರಲ್ಲಿ ವೀಕ್ಷಣಾ ತಂತ್ರಾಂಶದಲ್ಲಿ ಜಾಹೀರಾತುಗಳು ಕಾಣಿಸಿಕೊಂಡಾಗ, ಹಣ ಕೊಟ್ಟು ಕೊಂಡ ಸಾಧನದಲ್ಲಿ ಜಾಹೀರಾತು ಸೇರಿಸಿದ್ದನ್ನು ಪ್ರಶ್ನಿಸಿ ಕೆಲವು ಬಳಕೆದಾರರು ನ್ಯಾಯಾಲಯದ ಮೆಟ್ಟಿಲೇರಿದರು. ಸ್ಥಾಪಕ ಬ್ಲೇಕ್ ಕ್ರಿಕೋರಿಯನ್ 2016ರ ಆಗಸ್ಟಿನಲ್ಲಿ ನಿಧನರಾದರು.

‘ಸ್ಲಿಂಗ್ ಟಿವಿ’ ಎಂಬ ಹೆಸರಿನಿಂದ ಉಂಟಾಗುವ ಗೊಂದಲವನ್ನು ಇಲ್ಲಿ ನಿವಾರಿಸಬೇಕು. 2015ರಲ್ಲಿ ಡಿಶ್ ಆರಂಭಿಸಿದ ಈ ಸೇವೆಯು ಮಾಸಿಕ ಶುಲ್ಕ ಪಡೆದು ಅಂತರ್ಜಾಲದಲ್ಲಿಯೇ ವಾಹಿನಿಗಳನ್ನು ಒದಗಿಸುತ್ತದೆ. ಅದಕ್ಕೂ ಮನೆಯ ಪೆಟ್ಟಿಗೆಗೂ ಸಂಬಂಧವಿಲ್ಲ.

ಭಾರತದೊಡನೆ ನಂಟು

ಸ್ಲಿಂಗ್ ಮೀಡಿಯಾದ ತಾಂತ್ರಿಕ ಅಭಿವೃದ್ಧಿ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿತ್ತು. ಸಂಸ್ಥೆಯು ಡಿಶ್ ಸಮೂಹದಲ್ಲಿ ಸೇರಿದ ಬಳಿಕ ಆ ಘಟಕವು ಡಿಶ್ ಹೆಸರಿನಲ್ಲಿ ಮುಂದುವರಿಯಿತು.

ವಿದೇಶದಲ್ಲಿರುವ ಭಾರತೀಯರಿಗೆ ಈ ಸಾಧನ ಬೇರೊಂದು ಬಗೆಯಲ್ಲಿ ಆಕರ್ಷಕವಾಗಿತ್ತು. ತವರಿನ ಮನೆಯಲ್ಲಿ ಡಿಟಿಎಚ್ ಸಂಪರ್ಕದ ಜೊತೆ ಪೆಟ್ಟಿಗೆಯನ್ನು ಇರಿಸಿದರೆ ಅಲ್ಲಿನ ಎಲ್ಲ ವಾಹಿನಿಗಳೂ ದೂರದಲ್ಲಿ ದೊರೆಯುತ್ತಿದ್ದವು. ನೇರ ಪ್ರಸಾರಕ್ಕಿಂತ ಮುದ್ರಿಕೆಯೇ ಇವರಿಗೆ ಹೆಚ್ಚು ಉಪಯುಕ್ತ: ಬೆಂಗಳೂರಿನಲ್ಲಿ ಸಂಜೆ 7 ಗಂಟೆಗೆ ಬರುವ ಧಾರಾವಾಹಿಯು ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಬೆಳಗಿನ 8.30ಕ್ಕೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಸುಕಿನ 5.30ಕ್ಕೆ ಬೀಳುತ್ತದೆ. ಆದರೆ ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್‌ನ ಒಳಬರುವ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಪರಿಗಣಿಸಿತ್ತು. ಆ ಕಾಲದ ಸಂಪರ್ಕಗಳಲ್ಲಿ ಹೊರಹೋಗುವ ವೇಗ ನೆಚ್ಚುವಂತಿರಲಿಲ್ಲ. ವಿದ್ಯುತ್ ಕಡಿತವಾದರೆ ಡಿವಿಆರ್ ಮತ್ತು ರೌಟರ್ ಎರಡನ್ನೂ ಮನೆಯವರೇ ಮತ್ತೆ ಚಾಲನೆಗೊಳಿಸಬೇಕಾಗುವ ಸಂದರ್ಭಗಳೂ ಇರುತ್ತಿದ್ದವು.

ಭಾರತದಲ್ಲಿ ಟಾಟಾ ಸ್ಕೈ 2008ರಲ್ಲಿ ಟಾಟಾ ಸ್ಕೈ ಪ್ಲಸ್ ಎಂಬ ಡಿವಿಆರ್ ಪೆಟ್ಟಿಗೆಯನ್ನು ಬಿಡುಗಡೆ ಮಾಡಿತು. ಹೊರಗಿದ್ದಾಗ ಮೊಬೈಲಿನಿಂದಲೇ ರೆಕಾರ್ಡಿಂಗ್ ನಿಗದಿಪಡಿಸುವ ಸೌಲಭ್ಯವನ್ನು ಅದು ಕಲ್ಪಿಸಿತು. ನಂತರದ ಟಾಟಾ ಸ್ಕೈ ಪ್ಲಸ್ ಟ್ರಾನ್ಸ್‌ಫರ್ ಪೆಟ್ಟಿಗೆಯು ಮುದ್ರಿತ ಕಾರ್ಯಕ್ರಮವನ್ನು ಮನೆಯ ವೈಫೈ ಮೂಲಕ ಫೋನಿಗೆ ವರ್ಗಾಯಿಸಿಕೊಂಡು ಹೋಗಲು ಅವಕಾಶ ನೀಡಿತು.

ಸ್ಥಗಿತ ಮತ್ತು ನಂತರ

ಒಂದೆಡೆ ವಾಹಿನಿಗಳೂ ಕೇಬಲ್ ಸಂಸ್ಥೆಗಳೂ ತಮ್ಮದೇ ಮೊಬೈಲ್ ತಂತ್ರಾಂಶಗಳನ್ನು ತಂದವು. ಇನ್ನೊಂದೆಡೆ ರೆಕಾರ್ಡಿಂಗ್ ಮನೆಯ ಪೆಟ್ಟಿಗೆಯಿಂದ ಕಂಪನಿಯ ಸರ್ವರುಗಳಿಗೆ ಸ್ಥಳಾಂತರವಾಯಿತು. ಕೇಬಲ್‌ವಿಷನ್ ಸಂಸ್ಥೆಯ ಇಂಥ ವ್ಯವಸ್ಥೆಯನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2008ರಲ್ಲಿಯೇ ಎತ್ತಿಹಿಡಿದಿತ್ತು. ಕಂಪನಿಯ ಸರ್ವರಿನಲ್ಲಿರುವ ಮುದ್ರಿಕೆಗೆ ಮನೆಯ ಅಂತರ್ಜಾಲದ ಕಿರಿದಾದ ದಾರಿಯ ತೊಡಕಿಲ್ಲ, ಅವಗೆಂಪು ದೀಪವನ್ನು ಅಂಟಿಸುವ ಕೆಲಸವೂ ಇಲ್ಲ. ಅದನ್ನು ಎಷ್ಟು ದಿನ ಉಳಿಸಬೇಕು, ಜಾಹೀರಾತು ದಾಟಲು ಬಿಡಬೇಕೇ, ಯಾವ ಊರಿನಲ್ಲಿ ನೋಡಲು ಬಿಡಬೇಕು ಎಂಬುದನ್ನು ನಿರ್ಧರಿಸುವವರು ಮಾತ್ರ ಸೇವೆ ಒದಗಿಸುವವರು. ಡಿವಿಆರ್ ಮತ್ತು ಸ್ಲಿಂಗ್‌ಬಾಕ್ಸ್ ಇದ್ದಾಗ ಈ ಮೂರೂ ಬಹುಮಟ್ಟಿಗೆ ನೋಡುಗನ ಕೈಯಲ್ಲಿದ್ದವು.

2020ರಲ್ಲಿ ಉತ್ಪಾದನೆಯನ್ನು ನಿಲ್ಲಿಸುವಾಗ ಸಂಸ್ಥೆಯು ಸರ್ವರುಗಳನ್ನು ಇನ್ನೆರಡು ವರ್ಷ ನಡೆಸುವುದಾಗಿ ತಿಳಿಸಿತು. 2022ರ ನವೆಂಬರ್ 9ರ ಬಳಿಕ ಬಳಕೆದಾರರ ಖಾತೆಗಳಾಗಲಿ ಸಂಸ್ಥೆಯ ತಂತ್ರಾಂಶವಾಗಲಿ ಕೆಲಸ ಮಾಡಲಿಲ್ಲ. ದಾರಿ ತೋರುವ ಸರ್ವರ್ ಇಲ್ಲವಾದ್ದರಿಂದ ಪೆಟ್ಟಿಗೆಯ ಚಿತ್ರ ಫೋನನ್ನು ತಲುಪುವ ಅಧಿಕೃತ ಮಾರ್ಗ ಇಲ್ಲವಾಯಿತು. ಸ್ಥಗಿತಕ್ಕೆ ಮುನ್ನವೇ ಸ್ವಯಂಪ್ರೇರಿತರು ಪೆಟ್ಟಿಗೆಯ ಸಂವಹನ ಕ್ರಮವನ್ನು ಅಭ್ಯಸಿಸಿ ‘ಸ್ಲಿಂಗರ್’ ಎಂಬ ಮುಕ್ತ ತಂತ್ರಾಂಶವನ್ನು ರೂಪಿಸಿದ್ದರು. ಇದನ್ನು ಮನೆಯ ಜಾಲದಲ್ಲಿರುವ ಕಂಪ್ಯೂಟರೊಂದರಲ್ಲಿ ನಡೆಸಿದರೆ, ಅದು ಪೆಟ್ಟಿಗೆಯೊಡನೆ ನೇರವಾಗಿ ಮಾತಾಡಿ ಚಿತ್ರವನ್ನು ಸಾಮಾನ್ಯ ವಿಡಿಯೊ ತಂತ್ರಾಂಶಗಳಲ್ಲಿ ತೆರೆಯಬಲ್ಲ ರೂಪದಲ್ಲಿ ಒದಗಿಸುತ್ತದೆ. ಇದಕ್ಕೆ ಪೆಟ್ಟಿಗೆಯ ಗುಪ್ತಪದ ಬೇಕು. ಅದು ಸಂಸ್ಥೆಯ ಖಾತೆಯಲ್ಲಿ ಮಾತ್ರ ದೊರೆಯುತ್ತಿದ್ದುದರಿಂದ, ಸರ್ವರುಗಳು ನಿಲ್ಲುವ ಮೊದಲೇ ಬರೆದಿಟ್ಟುಕೊಂಡವರಿಗೆ ಈ ಮಾರ್ಗ ಸುಲಭವಾಯಿತು.

ಮನೆಯಲ್ಲಿ ಆಂಟೆನಾ ಇರುವ ದೇಶಗಳಲ್ಲಿ ಇಂದು ಇದೇ ಕೆಲಸವನ್ನು ಎಚ್‌ಡಿಹೋಮ್‌ರನ್‌ನಂತಹ ಜಾಲ ಟ್ಯೂನರುಗಳು ಹಾಗೂ ಪ್ಲೆಕ್ಸ್, ಮಿತ್‌ಟಿವಿಯಂತಹ ತಂತ್ರಾಂಶಗಳಿಂದ ಮಾಡಿಕೊಳ್ಳಬಹುದು. ಇವು ಪ್ರಸಾರವನ್ನು ಡಿಜಿಟಲ್ ರೂಪದಲ್ಲಿಯೇ ಗ್ರಹಿಸಿ ಮುದ್ರಿಸಿಕೊಂಡು, ಫೋನಿನ ತೆರೆಗೂ ಸಂಪರ್ಕದ ವೇಗಕ್ಕೂ ಹೊಂದುವಂತೆ ಮರುಸಂಕುಚಿಸಿ ಕಳುಹಿಸುತ್ತವೆ. ಗೂಢಲಿಪಿಯಲ್ಲಿ ಬರುವ ಕೇಬಲ್ ಮತ್ತು ಉಪಗ್ರಹ ವಾಹಿನಿಗಳಿಗೆ ಈ ವಿಧಾನ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.